ತಂತಿ, ರೇಡಿಯೊ ಮತ್ತು ನಡುವಿನ ಸುರುಳಿ

ತಾರಸಿಯ ಆಂಟೆನಾ ತಂತಿಗೂ ಕೆಳಗಿನ ರೇಡಿಯೊಗೂ ದಿನವಿಡೀ ಜಗಳ.

"ಅಷ್ಟು ದೂರದ ಅಲೆ ಹಿಡಿದು ಕೊಡುತ್ತೇನೆ. ನೀನು ಬಾಗಿಲಲ್ಲೇ ಹಿಂದಕ್ಕೆ ಕಳಿಸುತ್ತೀಯ" ಎಂದು ತಂತಿ ಗಾಳಿಗೆ ಒದ್ದಾಡುತ್ತ ಸಿಡುಕಿತು.

"ನೀನು ಕೊಡುವ ರೀತಿಯಲ್ಲಿ ನನಗೆ ತೆಗೆದುಕೊಳ್ಳಲು ಬರುವುದಿಲ್ಲ ಮಾರಾಯ. ಇವತ್ತೂ ಕರಕರ ಎಂದರೆ ಇಬ್ಬರನ್ನೂ ಗುಜರಿಗೆ ಹಾಕುತ್ತಾರೆ" ಎಂದಿತು ರೇಡಿಯೊ.

ಅಲೆ ಹಿಂದಕ್ಕೆ ಪುಟಿಯದಂತೆ ಎರಡರ ವಿದ್ಯುತ್ ತಡೆಯನ್ನೂ ಹೊಂದಿಸುವ ಪುಟ್ಟ ಸುರುಳಿಯೊಂದನ್ನು ಮನೆಯವರು ನಡುವೆ ಜೋಡಿಸಿದರು. ವಾರ್ತೆ ಸ್ಪಷ್ಟವಾಗಿ ಕೇಳಿಸಿತು.

ತಂತಿಗೆ ಸಮಾಧಾನವಾಗಲಿಲ್ಲ. "ಹಿಡಿದದ್ದು ನಾನು, ನುಡಿದದ್ದು ನೀನು. ಇವನದೇನು ಕೆಲಸ?"

"ನಿಮ್ಮ ಜಗಳ ಬಿಡಿಸುವುದು" ಎಂದಿತು ಸುರುಳಿ.

"ಈಗ ಜಗಳವೇ ಇಲ್ಲವಲ್ಲ!" ಎಂದು ಎರಡೂ ಸೇರಿ ಅದನ್ನು ಕಿತ್ತೆಸೆದವು. ಕರಕರ ಮತ್ತೆ ಶುರುವಾಯಿತು.

ಗುಜರಿ ಗಾಡಿಯಲ್ಲಿ ಪಕ್ಕಪಕ್ಕ ಬಿದ್ದುಕೊಂಡು ಅವು ಒಮ್ಮತಕ್ಕೆ ಬಂದವು: ಪ್ರಸಾರವೇ ಸರಿಯಿರಲಿಲ್ಲ.