ಅವ್ವನಿಗೊಂದು ಹಗುರ ಕೋವಿ

ಕೊಡಗಿನ ಒಂದು ಹೊಳೆದಂಡೆಯಲ್ಲಿ ಉತ್ತಯ್ಯಜ್ಜ ಎಂಬ ಗುರುವಿದ್ದ. ಮಂತ್ರ ಹೇಳಿಕೊಡುವ ಗುರುವಲ್ಲ, ಕೋವಿ ಹಿಡಿಯಲು ಕಲಿಸುವ ಗುರು. ಎಂಬತ್ತು ದಾಟಿದ ಮೇಲೆ ತಾನು ಕೋವಿ ಮುಟ್ಟುವುದನ್ನು ಬಿಟ್ಟು, ಬೇರೆಯವರ ಕೈ ತಿದ್ದುವುದನ್ನು ಮಾತ್ರ ಇಟ್ಟುಕೊಂಡಿದ್ದ.

ಅವನ ಶಿಷ್ಯರಲ್ಲಿ ಪಳಂಗಪ್ಪನಿಗೆ ನಲವತ್ತೆರಡು. ಮೀಸೆ ನೆರೆತರೂ ಶಿಷ್ಯನಾಗಿಯೇ ಉಳಿದಿದ್ದ. ಒಳ್ಳೆಯವನು. ಆದರೆ ಒಳ್ಳೆಯವರಿಗೆ ಇರುವ ಅವಸರ ಅವನಿಗೂ ಇತ್ತು.

ಕೋವಿ ಕತ್ತಿಗಳಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ಹಬ್ಬಕ್ಕೆ ಇನ್ನು ಇಪ್ಪತ್ತು ದಿನ ಇತ್ತು. ಒಂದು ಬೆಳಿಗ್ಗೆ ಪಳಂಗಪ್ಪ ಗುರುವಿನ ಮುಂದೆ ಬಂದು ಕೂತ.

“ಅಜ್ಜಾ, ಅವ್ವನಿಗೆ ಒಂದು ಕೋವಿ ಕೊಡಬೇಕು ಅಂತಿದ್ದೀನಿ. ಎಲ್ಲಕ್ಕಿಂತ ಹಗುರದ್ದು. ಯಾವುದು ಅಂತ ನೀವೇ ಹೇಳಿ.”

“ಬೊಳ್ಳವ್ವನ ಹತ್ತಿರ ಕೋವಿ ಇದೆಯಲ್ಲ?”

“ಅದು ಅಪ್ಪನ ಜೋಡುನಳಿಗೆ ಕೋವಿ. ಎತ್ತಿದರೆ ನನಗೇ ತೋಳು ಸೋಲುತ್ತೆ. ಅವ್ವನಿಗೆ ಎಪ್ಪತ್ತಾಯ್ತು. ಹೋದ ವರ್ಷ ನೀವೇ ನೋಡಿದಿರಲ್ಲ.”

ಗುರು ನೋಡಿದ್ದ. ಊರೆಲ್ಲ ನೋಡಿತ್ತು.

ಹಬ್ಬದ ದಿನ ಪೂಜೆ ಮುಗಿದ ಮೇಲೆ ಮರದ ಮೇಲೊಂದು ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುತ್ತಾರೆ. ಆ ಊರಿನ ಕಟ್ಟಳೆ ಹೀಗೆ. ಮೊದಲ ಈಡು ಮನೆತನದ ಹಿರಿಯರದು. ಅದು ತಪ್ಪಿದರೆ ಅವರ ಮಕ್ಕಳದು, ಆಮೇಲೆ ಉಳಿದವರದು. ಒಬ್ಬರಿಗೆ ಒಂದೇ ಗುಂಡು. ಕಾಯಿಗೆ ತಾಗಿತೋ, ಆಟ ಮುಗಿಯಿತು, ಎಲ್ಲರೂ ಊಟಕ್ಕೆ.

ಗಂಡ ತೀರಿಕೊಂಡ ಮೇಲೆ ಮೊದಲ ಈಡು ಬೊಳ್ಳವ್ವನದಾಗಿತ್ತು. ಅವಳ ಗುಂಡು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಹೋದ ವರ್ಷ ಮಾತ್ರ ಕೋವಿಯ ಬಾಯಿ ತಗ್ಗಿತು, ಗುಂಡು ಮರದ ಬುಡಕ್ಕೆ ಹೋಯಿತು. ಯಾರೂ ನಗಲಿಲ್ಲ. ಅದೇ ಪಳಂಗಪ್ಪನಿಗೆ ಹೆಚ್ಚು ನೋವಾಗಿದ್ದು.

“ಈ ಸಲ ಹೊಡೆಯೋದೇ ಬೇಡ ಅಂತ ಅವ್ವ ಕೂತುಬಿಟ್ಟರೆ ಏನು ಮಾಡಲಿ? ಅವಳು ಕೋವಿ ಕೆಳಗಿಟ್ಟರೆ ನನಗೆ ಮನೆಯೇ ಖಾಲಿ ಆದ ಹಾಗೆ,” ಎಂದ. ಅವ್ವನಿಗೆ ವಯಸ್ಸಾಗುತ್ತಿದೆ ಎಂಬ ಸಂಗತಿ ಅವನಿಗೆ ತಿಳಿದದ್ದೇ ಹೋದ ವರ್ಷ. ಅಂದಿನಿಂದ ಅವನಿಗೆ ಸರಿಯಾಗಿ ಊಟ ಸೇರುತ್ತಿರಲಿಲ್ಲ.

“ಬೊಳ್ಳವ್ವ ಏನಂತಾಳೆ?”

“ಕೇಳಿಲ್ಲ. ಕೇಳಿದರೆ ಬೇಡ ಅಂತಾಳೆ.”

“ಹಾಗಾದರೆ ನನ್ನನ್ನು ಯಾಕೆ ಕೇಳ್ತೀಯ? ಹೋಗು, ನಿನಗೆ ಹಗುರ ಅನ್ನಿಸಿದ್ದನ್ನ ತಗೊಂಡು ಬಾ.”

ಪೇಟೆಯ ಅಂಗಡಿಯಲ್ಲಿ ಪಳಂಗಪ್ಪ ಇದ್ದಬದ್ದ ಕೋವಿಗಳನ್ನೆಲ್ಲ ಸೌತೆಕಾಯಿ ಆರಿಸುವವನ ಹಾಗೆ ಒಂದೊಂದಾಗಿ ಕೈಯಲ್ಲಿ ತೂಗಿ ನೋಡಿದ. ಕೊನೆಗೆ ಒಂದು ಬೇಟೆ ರೈಫಲ್ಲು ಸಿಕ್ಕಿತು. ಒಂದೇ ಕೈಯಲ್ಲಿ ಎತ್ತಬಹುದು. ಸರಿಹೋಗದಿದ್ದರೆ ಬದಲಾಯಿಸಿಕೊಳ್ಳುವ ಮಾತಾಡಿ, ಅದನ್ನು ತಂದು ಗುರುವಿನ ಮುಂದಿಟ್ಟ.

ಗುರು ಎತ್ತಿ ನೋಡಿದ. “ಹಗುರ ಇದೆ. ಹೊಡಿ.”

“ನಾನಾ?”

“ಅವ್ವನಿಗೆ ಕೊಡೋ ಪಾಯಸ ಆಗಿದ್ದರೆ ನೀನು ರುಚಿ ನೋಡ್ತಿರಲಿಲ್ಲವಾ? ಹೊಡಿ. ಐದು ಗುಂಡು.”

ಮೊದಲನೆಯದಕ್ಕೆ ಪಳಂಗಪ್ಪ ಒಂದು ಹೆಜ್ಜೆ ಹಿಂದೆ ಹೋದ. ಮೂರನೆಯದಕ್ಕೆ ಹೆಗಲು ಬಿಸಿಯಾಯಿತು. ಐದನೆಯದಕ್ಕೆ ಕೋವಿಯ ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚಿದ.

“ಏನಾಯ್ತು?”

“ಒದೆಯುತ್ತೆ ಅಜ್ಜಾ.”

“ಒದೆಯದೆ ಏನು ಮಾಡುತ್ತೆ? ಭಾರದ ಕೋವಿ ಆ ಒದೆತದಲ್ಲಿ ಅರ್ಧ ತಾನೇ ತಿಂದುಕೊಳ್ಳುತ್ತೆ. ಹಗುರದ್ದು ಅಷ್ಟನ್ನೂ ನಿನಗೇ ಬಡಿಸುತ್ತೆ. ನೀನು ಕೈಯಲ್ಲಿ ತೂಗಿದೆ. ಅವಳು ಹೆಗಲಲ್ಲಿ ತೂಗಬೇಕು.”

ಪಳಂಗಪ್ಪ ಹೆಗಲು ಉಜ್ಜಿಕೊಳ್ಳುತ್ತ ಪೇಟೆಗೆ ಮರಳಿದ. ಈ ಸಲ ತಂದದ್ದು ಸಣ್ಣ ಗುಂಡಿನ ಪುಟ್ಟ ರೈಫಲ್ಲು. ಹಗುರವೂ ಹೌದು, ಒದೆತವೂ ಇಲ್ಲವೆನ್ನುವಷ್ಟು ಕಡಿಮೆ. ಯಾರೂ ಹೇಳದೆ ತಾನೇ ಹತ್ತು ಗುಂಡು ಹೊಡೆದು ನೋಡಿ, ಗೆದ್ದವನ ಹಾಗೆ ಬಂದು ನಿಂತ.

ಗುರು ಅದನ್ನು ಮುಟ್ಟಲೂ ಇಲ್ಲ.

“ಕೋವಿ ನೋಡಿದ್ದಾಯ್ತು. ಅವ್ವನನ್ನ ನೋಡಿದೆಯಾ?”

“ದಿನಾ ನೋಡ್ತೀನಲ್ಲ ಅಜ್ಜಾ.”

“ಹಸಿವಾದಾಗ ನೋಡ್ತೀಯ. ಜ್ವರ ಬಂದಾಗ ನೋಡ್ತೀಯ. ಒಂದು ದಿನ ಸುಮ್ಮನೆ ನೋಡು. ಕೋವಿಯ ಮಾತು ಎತ್ತಬೇಡ.”

ಮರುದಿನ ಪಳಂಗಪ್ಪ ಕೆಲಸ ಬಿಟ್ಟು ಜಗಲಿಯಲ್ಲಿ ಕೂತು ಅವ್ವನನ್ನು ನೋಡಿದ.

ಅರ್ಧ ಮೂಟೆ ಭತ್ತವನ್ನು ಬೊಳ್ಳವ್ವ ಯಾರನ್ನೂ ಕರೆಯದೆ ಎತ್ತಿ ಒಳಗಿಟ್ಟಳು. ಕಿತ್ತಳೆ ಮರಕ್ಕೆ ಕೋತಿ ಬಂದಾಗ ಅಂಗಳದಿಂದಲೇ ಒಂದು ಕಲ್ಲು ಬೀಸಿದಳು. ಕಲ್ಲು ಕೋತಿಯ ಬಾಲದ ಪಕ್ಕದ ಕೊಂಬೆಗೆ ಬಡಿಯಿತು.

“ತಾಗಿಸಬೇಕು ಅಂದಿದ್ದರೆ ತಾಗಿಸ್ತಿದ್ದೆ, ಹೋಗು,” ಎಂದು ಕೋತಿಗೆ ಹೇಳಿದಳು.

ಮಧ್ಯಾಹ್ನ ಗೋಡೆಯ ಮೇಲಿದ್ದ ಗಂಡನ ಕೋವಿ ಇಳಿಸಿ ಎಣ್ಣೆಬಟ್ಟೆಯಿಂದ ಒರೆಸಿದಳು. ಖಾಲಿ ಇದೆಯೇ ಎಂದು ಬಿಚ್ಚಿ ನೋಡಿಕೊಂಡಳು. ಆಮೇಲೆ ಎದ್ದು ನಿಂತು ಅದನ್ನು ಹೆಗಲಿಗೇರಿಸಿ, ಗದ್ದೆಯ ಮೇಲೆ ಹಾರುತ್ತಿದ್ದ ಒಂದು ಬೆಳ್ಳಕ್ಕಿಯ ಹಿಂದೆಯೇ ನಳಿಗೆ ತಿರುಗಿಸುತ್ತ ಹೋದಳು. ಹಕ್ಕಿ ಮರಗಳಾಚೆ ಮರೆಯಾಗುವ ತನಕ ನಳಿಗೆಯ ತುದಿ ಒಮ್ಮೆಯೂ ನಡುಗಲಿಲ್ಲ.

ಪಳಂಗಪ್ಪ ಚಪ್ಪಲಿ ಮೆಟ್ಟುವುದನ್ನೂ ಮರೆತು ಹೊಳೆದಂಡೆಗೆ ಓಡಿದ.

“ಅಜ್ಜಾ, ಅವ್ವನ ಕೈ ಗಟ್ಟಿಯಾಗಿದೆ. ಕಣ್ಣೂ ಚೆನ್ನಾಗಿದೆ. ಮತ್ತೆ ಹೋದ ವರ್ಷ ಯಾಕೆ ತಪ್ಪಿತು?”

ಗುರು ಕಾಫಿ ಲೋಟ ಕೆಳಗಿಟ್ಟ. “ಹೋದ ವರ್ಷ ಅವಳದ್ದಾದ ಮೇಲೆ ಸರದಿ ಯಾರದಿತ್ತು?”

“ನನ್ನದು.”

“ಹೊಡೆದೆಯಾ?”

“ಹೇಗೆ ಹೊಡೆಯಲಿ? ಅವ್ವನಿಗೆ ಏನೋ ಆಯ್ತು ಅಂತ ನನ್ನ ಕೋವಿ ಅಲ್ಲೇ ಇಟ್ಟು ಓಡಿದೆ. ಕೈ ಉಜ್ಜಿದೆ, ನೀರು ಕುಡಿಸಿದೆ. ಅಷ್ಟರಲ್ಲಿ ಚಿಕ್ಕಪ್ಪನ ಮಗ ಅಯ್ಯಣ್ಣ ಕಾಯಿ ಹೊಡೆದುಬಿಟ್ಟ.”

“ಆಗ ಅವ್ವ ಏನಂದಳು?”

“ಏನೂ ಅನ್ನಲಿಲ್ಲ. ಮೂರು ದಿನ ನನ್ನ ಹತ್ತಿರ ಮಾತೇ ಆಡಲಿಲ್ಲ. ಪಾಪ, ನಾಚಿಕೆ ಆಗಿರಬೇಕು ಅಂದ್ಕೊಂಡೆ.”

ಗುರು ನಗು ಬಂದದ್ದನ್ನು ಗಡ್ಡದೊಳಗೇ ಇಟ್ಟುಕೊಂಡ. “ಅದಕ್ಕೆ ಮೊದಲು ಎಷ್ಟು ವರ್ಷ ಅವಳ ಹಿಂದೆ ನಿಂತಿದ್ದೆ?”

“ಹನ್ನೊಂದು.”

“ಎಷ್ಟು ಸಲ ಹೊಡೆದೆ?”

“ಒಂದು ಸಲವೂ ಇಲ್ಲ. ಅವ್ವ ಮೊದಲ ಗುಂಡಿಗೇ...”

ಪಳಂಗಪ್ಪ ಮೆಲ್ಲಗೆ ಮರಳಿನ ಮೇಲೆ ಕೂತ. ಹನ್ನೊಂದು ವರ್ಷ ಮಗನ ಸರದಿ ಬರಲಿಲ್ಲವೆಂದು ಅವ್ವ ಲೆಕ್ಕ ಇಟ್ಟಿದ್ದಳು. ಅವನಿಗೆ ಅದು ಹೊಳೆದೇ ಇರಲಿಲ್ಲ. ಅವನ ಕಣ್ಣು ತುಂಬಿ ಬಂತು, ಜೊತೆಗೆ ನಗುವೂ ಬಂತು.

“ನಿಮಗೆ ಗೊತ್ತಿತ್ತಾ ಅಜ್ಜಾ?”

“ಅವಳು ಮದುವೆಯಾಗಿ ಈ ಊರಿಗೆ ಬಂದಾಗ ಕೋವಿ ಹಿಡಿಯೋಕೆ ಕಲಿಸಿದವನು ನಾನು. ಅವಳ ಗುಂಡು ತಪ್ಪಿದ್ದು ಯಾವುದು, ತಪ್ಪಿಸಿದ್ದು ಯಾವುದು ಅಂತ ನನಗೆ ತಿಳಿಯೋದಿಲ್ಲವಾ?”

“ಮೊದಲೇ ಹೇಳಬಹುದಿತ್ತಲ್ಲ.”

“ಹೇಳಿದ್ದರೆ ನನ್ನ ಮಾತು ನಂಬ್ತಿದ್ದೆ. ಅವಳನ್ನ ನೋಡ್ತಿರಲಿಲ್ಲ.”

ಪಳಂಗಪ್ಪ ಎದ್ದು ಬಟ್ಟೆಗೆ ಹತ್ತಿದ ಮರಳು ಕೊಡವಿದ. ಆಮೇಲೆ ಕೇಳಿದ, “ಹಾಗಾದರೆ ಈ ರೈಫಲ್ಲು ವಾಪಸು ಕೊಟ್ಟು ಬರಲಾ?”

“ಯಾಕೆ? ಪ್ರೀತಿಯಿಂದ ತಂದದ್ದು. ಕೊಡು. ಬೈತಾಳೆ, ಬೈಸಿಕೋ.”

ಬೊಳ್ಳವ್ವ ಬೈದಳು. “ನನ್ನ ಕೈಯೇನು ಸೇದಿಹೋಗಿದೆಯಾ? ಮಕ್ಕಳ ಆಟಿಕೆ ತಂದುಕೊಡ್ತೀಯಲ್ಲ,” ಎಂದಳು. ಬೈಯುತ್ತಲೇ ರೈಫಲ್ಲನ್ನು ತಿರುಗಿಸಿ ನೋಡಿದಳು, ಹೆಗಲಿಗಿಟ್ಟು ನೋಡಿದಳು. ಅವಳ ಮುಖದಲ್ಲಿ ಏನೋ ಒಂದು ಉಪಾಯ ಸುಳಿದು ಹೋಯಿತು.

ಅವಳು ಗೋಡೆಯ ಮೇಲಿನ ಜೋಡುನಳಿಗೆ ಇಳಿಸಿ ಮಗನ ಕೈಗಿಟ್ಟಳು.

“ನನಗೆ ಇದು ಬಂದ ಮೇಲೆ ಆ ಭಾರ ಯಾಕೆ? ನಿನ್ನ ಅಪ್ಪನದ್ದು, ನೀನೇ ಹೊರು. ನಾನಿರುವಾಗಲೇ ಅದು ನಿನ್ನ ಹೆಗಲಲ್ಲಿ ಸದ್ದು ಮಾಡೋದನ್ನ ಕೇಳಬೇಕು.”

ಹಬ್ಬ ಬಂತು. ಕೋವಿಗಳ ಬಾಯಿಗೆ ಕೋವಿ ಹೂವೆನ್ನುವ ಕೆಂಪು ತೋಕ್ ಹೂ ಸಿಕ್ಕಿಸಿ ಪೂಜೆ ಮಾಡಿದರು. ಮರದ ಮೇಲೆ ಕಾಯಿ ತೂಗಿತು. ಮನೆಯೊಳಗಿಂದ ಹಂದಿ ಕರಿಯ ಪರಿಮಳ ಬರುತ್ತಿತ್ತು, ಊರಿನವರಿಗೆ ಹಸಿವೂ ಆಗಿತ್ತು.

ಬೊಳ್ಳವ್ವ ಹೊಸ ರೈಫಲ್ಲು ಹಿಡಿದು ಗುಂಡು ಹೊಡೆಯುವ ಗೆರೆಗೆ ಬಂದಳು. ಗುರಿ ಇಟ್ಟಳು. ಗುಂಡು ಕಾಯಿಗಿಂತ ಒಂದು ಮಾರು ಕೆಳಗೆ ಮರದ ಕಾಂಡಕ್ಕೆ ನಾಟಿತು.

“ಹಾಳಾದ್ದು, ತೀರಾ ಹಗುರ ಆಯ್ತು,” ಎಂದು ಎಲ್ಲರಿಗೂ ಕೇಳುವಂತೆ ಗೊಣಗಿ ಪಕ್ಕಕ್ಕೆ ಸರಿದಳು.

ಪಳಂಗಪ್ಪ ಅಪ್ಪನ ಕೋವಿ ಹಿಡಿದು ಗೆರೆಗೆ ಬಂದ. ಅಷ್ಟರಲ್ಲಿ ರೈಫಲ್ಲು ಕೆಳಗಿಡುತ್ತಿದ್ದ ಅವ್ವನ ಕೈ ಸಣ್ಣಗೆ ನಡುಗಿದ್ದು ಅವನಿಗೆ ಕಂಡಿತು. ಅದು ಸಂಭ್ರಮವೋ, ವಯಸ್ಸೋ ತಿಳಿಯಲಿಲ್ಲ. ಅವನ ಕಾಲು ತಾನಾಗಿಯೇ ಅವಳ ಕಡೆ ತಿರುಗಿತು.

ಹಿಂದೆ ಕಲ್ಲಿನ ಮೇಲೆ ಕೂತಿದ್ದ ಗುರು ಒಮ್ಮೆ ಕೆಮ್ಮಿದ.

“ಅವಳ ಕೈ ನೋಡಬೇಡ ಮಗಾ. ಕಾಯಿ ನೋಡು.”