ನಡುಹೊಳೆಯ ಗಂಗಿಮಾಳವ್ವ

ಬಹಳ ಬಹಳ ಹಿಂದೆ, ನಮ್ಮಜ್ಜನಿಗೆ ಅವರಜ್ಜ ಹೇಳಿದ ಕಾಲದಲ್ಲಿ, ಹೊಳೆದಂಡೆಯ ಒಂದೂರಿನಲ್ಲಿ ಗಂಗಿಮಾಳವ್ವ ಅನ್ನೋ ಅಂಬಿಗರ ಹೆಂಗಸು ಇದ್ದಳಂತೆ. ಹೊಳೆಯ ಈಚೆ ಕರಿಗುಡ್ಡ, ಅಲ್ಲಿಗೆ ಕಾಟನಾಯಕ. ಆಚೆ ಮಸಳಿಕೋಟೆ, ಅಲ್ಲಿಗೆ ಜಡೆಯನಾಯಕ. ತಲೆಮಾರುಗಳ ನಂಟು ಅವರದು. ಹಗೆ ಬಂತೆಂದು ಒಂದು ಕಡೆ ಗುಡ್ಡದ ಮೇಲೆ ಬೆಂಕಿ ಹಚ್ಚಿದರೆ ಸಾಕು, ಇನ್ನೊಂದು ಕಡೆಯ ಬಂಟರು ಹೊಳೆ ದಾಟಿ ಬರುತ್ತಿದ್ದರಂತೆ.

ಒಂದು ವರ್ಷ ಬಡಗಣ ಸೀಮೆಯ ದಂಡು ಏರಿ ಬಂತು, ಕರಿಗುಡ್ಡದಲ್ಲಿ ಬೆಂಕಿ ಹೊತ್ತಿತು. ಆಚೆಯಿಂದ ಯಾರೂ ಬರಲಿಲ್ಲ. ಕಾಟನಾಯಕನ ತಮ್ಮ ಕಾಳಗದಲ್ಲಿ ಬಿದ್ದ. ಅವತ್ತಿನಿಂದ ಎರಡೂ ದಂಡೆಗೆ ಕಾವಲು ಕೂತಿತು, ಹರಿಗೋಲು ಬೋರಲು ಬಿತ್ತು.

ಗಂಗಿಮಾಳವ್ವನ ಮಗಳನ್ನು ಆಚೆ ಊರಿಗೆ ಕೊಟ್ಟಿತ್ತು. ಬಟ್ಟೆ ಒಗೆಯೋ ಹೊತ್ತಿಗೆ ತಾಯಿ ಈ ದಂಡೆಗೆ, ಮಗಳು ಆ ದಂಡೆಗೆ. ಕೂಗಿದ್ದೆಲ್ಲ ನೀರಿನ ಸದ್ದಲ್ಲಿ ಮುಳುಗುತ್ತಿತ್ತಂತೆ. ಒಂದು ದಿನ ಮಗಳು ಕೂಸನ್ನು ಎತ್ತಿ ತೋರಿಸಿದಳು. ಗಂಡೋ ಹೆಣ್ಣೋ, ತಾಯಿಗೆ ಕಾಣಲಿಲ್ಲ.

ಅಷ್ಟರಲ್ಲಿ ಬಡಗಣ ದಂಡು ಮತ್ತೆ ಬರುತ್ತಿದೆ ಅಂತ ಸುದ್ದಿ ಬಂತು. ಒಬ್ಬರಿಗೊಬ್ಬರು ಬೇಕು ಅನ್ನೋದು ಇಬ್ಬರು ನಾಯಕರಿಗೂ ಗೊತ್ತು. ಆದರೆ ಮೊದಲು ಹೋಗೋರು ಯಾರು? ಗಂಗಿಮಾಳವ್ವ ಕಾಟನಾಯಕನ ಮುಂದೆ ನಿಂತು, ನೀವು ಅವರ ದಂಡೆ ಮೆಟ್ಟಬೇಡಿ, ಅವರು ನಿಮ್ಮದು ಮೆಟ್ಟೋದು ಬೇಡ, ನಡುಹೊಳೆಗೆ ಬಂದು ನನ್ನ ಹರಿಗೋಲಲ್ಲಿ ಕೂತರೆ ಸಾಕು ಅಂದಳಂತೆ. ಆಮೇಲೆ ಹೊಳೆ ಈಜಿ, ಕಾವಲಿನವರ ಈಟಿಗೆ ಎದೆಗೊಟ್ಟು, ಜಡೆಯನಾಯಕನಿಗೂ ಅದನ್ನೇ ಹೇಳಿದಳಂತೆ.

ಹಾಲಿನಂಥ ಮಂಜು ಇಳಿದ ಬೆಳಗು. ಇಬ್ಬರೂ ತಂತಮ್ಮ ತೆಪ್ಪದಲ್ಲಿ ಬಂದು ಅವಳ ಹರಿಗೋಲು ಹತ್ತಿದರು. ದುಂಡನೆಯ ಹರಿಗೋಲು, ಮುಂದು ಅಂತಿಲ್ಲ, ಹಿಂದು ಅಂತಿಲ್ಲ. ಅವಳು ಹುಟ್ಟು ಹಾಕಿ ಮೆಲ್ಲಗೆ ತಿರುಗಿಸಿದಳು, ತಿರುಗಿಸಿದಳು, ಯಾವ ದಂಡೆ ಎಲ್ಲಿದೆ ಅನ್ನೋದೇ ಮರೆಯುವಷ್ಟು ತಿರುಗಿಸಿದಳು. ಮುಗಿಲಲ್ಲೇ ತೇಲಿದ ಹಾಗಾಯಿತಂತೆ.

ಆಗ ಜಡೆಯನಾಯಕ, "ನಿಮ್ಮ ಬೆಂಕಿ ಕಂಡಿತ್ತು, ಕಾಟಣ್ಣ. ನಾನು ಅಂಜಿದೆ," ಅಂದ.

ಕಾಟನಾಯಕ ಅಂದ, "ನನ್ನ ತಮ್ಮ ಕಡೀತನಕ ನಿನ್ನ ದಂಡಿ ಕಡೀಗೇ ನೋಡ್ತಿದ್ದ."

ಜಡೆಯನಾಯಕ ಕೂಸಿನ ಹಾಗೆ ಅತ್ತನಂತೆ. ಅಳು ನಿಂತ ಮೇಲೆ ಕಾಟನಾಯಕ ಅವನ ಹೆಗಲ ಮೇಲೆ ಕೈಯಿಟ್ಟು, "ಈ ಸಲ ಬಾ," ಅಂದ.

ಯಾವ ದಂಡೆಗೆ ಬಿಡಲಿ ಅಂತ ಗಂಗಿಮಾಳವ್ವ ಕೇಳಿದಳು. ಯಾವುದಾದರೂ ಆಗಲಿ ಅಂದರಂತೆ ಇಬ್ಬರೂ. ಮಂಜು ಸರಿದಾಗ ಅದು ಮಗಳ ಊರು. ಅಂಬಿಗರಿಗೆ ಹೊಳೆಯ ದಿಕ್ಕು ತಪ್ಪುತ್ತದೆಯೇ ಅಂತ ಕೆಲವರು ನಗುತ್ತಾರೆ.

ಆ ವರ್ಷ ಬಂದ ದಂಡು ಎರಡೂ ಕಡೆಯ ಬಂಟರನ್ನು ಒಟ್ಟಿಗೆ ಕಂಡು ಬಂದ ದಾರಿ ಹಿಡಿಯಿತಂತೆ.

ಈಗ ಆ ಕೋಟೆಗಳಿಲ್ಲ, ನಾಯಕರಿಲ್ಲ. ಆದರೂ ಹೊಸ ಹರಿಗೋಲು ಕಟ್ಟುವಾಗ ಗಂಗಿಮಾಳವ್ವನ ಹೆಸರು ಹೇಳಿ ಬಿದಿರನ್ನು ಈ ದಂಡೆಯಿಂದ, ತೊಗಲನ್ನು ಆ ದಂಡೆಯಿಂದ ತರುತ್ತಾರೆ. ಎರಡೂ ಊರಲ್ಲಿ ಬಿದಿರೂ ಇದೆ, ತೊಗಲೂ ಇದೆ. ಆದರೂ ಹೋಗಿ ಕೇಳಿಯೇ ತರುತ್ತಾರೆ.