ತಿಬ್ಬ ಮೇಲಿನ ಕಿಟಕಿ ಒರೆಸೋಕೆ ಹೋಗಿದ್ದು

ಒಬ್ಬಳು ತಾಯಿ ಇದ್ದಳು, ನಿಂಗಾಜಮ್ಮ ಅಂತ. ಅವಳಿಗೊಬ್ಬ ಮಗ, ತಿಬ್ಬ. ಅಷ್ಟೇ ಸಂಸಾರ. ಮಗನಿಗೆ ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಕಷ್ಟ.

ಊರಾಚೆ ಇಟ್ಟಿಗೆ ಗೂಡಿತ್ತು. ಅದರ ಬೂದಿಯೆಲ್ಲ ಅಮ್ಮಣ್ಣಿಯಮ್ಮನ ಮಹಡಿ ಮನೆ ಮೇಲೆ ಬೀಳುತ್ತಿತ್ತು. ವಾರಕ್ಕೊಂದು ಸಲ ಹೊರಗಿನಿಂದ ಕಿಟಕಿ ಗಾಜು ತೊಳೆಯಬೇಕು. ತಿಬ್ಬನ ಮನೆಯವರಿಗೆ ಆ ಕೂಲಿಯೇ ಅನ್ನ. ಕೆಳಗೆ ನಾಲ್ಕು ಕಿಟಕಿ, ಮೇಲೆ ನಾಲ್ಕು. ಮೇಲಿನ ಕೊನೇ ಕಿಟಕಿಯ ಕೆಳಗೆ ಕಲ್ಲುಚಪ್ಪಡಿ. ತಿಬ್ಬನ ಅಪ್ಪ ಅಲ್ಲಿಂದ ಬಿದ್ದೇ ಸತ್ತಿದ್ದ. ಆಮೇಲೆ ನಿಂಗಾಜಮ್ಮ ತಾನೇ ಏಣಿ ಹತ್ತಿದಳು. ಬಹಳ ವರ್ಷ ಹತ್ತಿದಳು. ಈಗ ಎರಡು ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತದೆ.

ಅವಳಿಗೆ ಎರಡು ಭಯ. ಮಗ ಏಣಿ ಹತ್ತಿದರೆ ಬೀಳುತ್ತಾನೆ. ಹತ್ತದಿದ್ದರೆ, ತಾನು ಹೋದ ಮೇಲೆ ಅವನಿಗೆ ಅನ್ನ ಹಾಕೋರು ಯಾರು.

ಎರಡನೇ ಭಯವೇ ದೊಡ್ಡದಾಯಿತು. ಮಗನ ಕೈಗೆ ಬಕೆಟ್ಟು, ಹಳೇ ಪಂಚೆ ಕೊಟ್ಟಳು.

"ಈ ವಾರ ಕೆಳಗಿನ ಕಿಟಕಿ. ಹೊರಗೇ ನಿಂತು ಒರೆಸು. ಏನೇ ಆಗಲಿ ಒಳಕ್ಕೆ ಕಾಲಿಡಬೇಡ. ನಿನ್ನ ಕಾಲೆಲ್ಲ ಬೂದಿ."

"ಆಗಲಿ ಕಣವ್ವ."

ಹೋದ. ಅಡುಗೆಮನೆ ಕಿಟಕಿ ಒರೆಸುತ್ತಿದ್ದ. ಒಲೆ ಪಕ್ಕದ ಸೌದೆಗೆ ಬೆಂಕಿ ಹತ್ತಿಕೊಂಡಿತು. ಒಳಗಿಂದ ಅಮ್ಮಣ್ಣಿಯಮ್ಮ ಕೆಮ್ಮುತ್ತಾ ಕೂಗಿದಳು. "ಲೋ ತಿಬ್ಬ, ಬೆಂಕಿ ಕಣೋ, ಒಳಗೆ ಬಾರೋ."

ತಿಬ್ಬ ಒಳಗೆ ಹೋಗಲಿಲ್ಲ. ಗಾಜಿಗೆ ಹೊಗೆ ಮೆತ್ತಿಕೊಂಡಿತು. ಒರೆಸಿದ. ಹೊಗೆ ಇದ್ದದ್ದು ಗಾಜಿನ ಒಳಗಡೆ, ಒರೆಸಿದರೂ ಹೋಗಲಿಲ್ಲ. ಇನ್ನೂ ಒತ್ತಿ ಒರೆಸಿದ. ಕೊನೆಗೆ ಪಕ್ಕದ ಮನೆಯವರು ಓಡಿ ಬಂದು ಆರಿಸಿದರು.

ನಿಂಗಾಜಮ್ಮ ಹಣೆ ಚಚ್ಚಿಕೊಂಡಳು. "ಕೈಯಲ್ಲಿ ಬಕೆಟ್ಟಿತ್ತಲ್ಲೋ. ಆಯಮ್ಮ ಬೆಂದು ಹೋಗೋಳು."

"ಒಳಕ್ಕೆ ಕಾಲಿಡಬೇಡ ಅಂದೆ."

"ಕಿಟಕಿಯಿಂದಲೇ ಎರಚೋಕೆ ಏನಾಗಿತ್ತು? ಉರಿಯೋದು ಕಂಡರೆ ನೀರು ಹಾಕಬೇಕು ಕಣಪ್ಪ."

"ಆಗಲಿ ಕಣವ್ವ."

ಮುಂದಿನ ವಾರ ದೇವರಮನೆ ಕಿಟಕಿ. ಅಮ್ಮಣ್ಣಿಯಮ್ಮನ ಮಗಳು ತುಂಬಿದ ಬಸುರಿ. ಹೆರಿಗೆ ಆಗೋವರೆಗೂ ಆರಬಾರದು ಅಂತ ತಾಯಿ ಹರಕೆ ದೀಪ ಹಚ್ಚಿಟ್ಟಿದ್ದಳು. ತಿಬ್ಬ ನೋಡಿದ. ಉರಿಯುತ್ತಿತ್ತು. ಗಾಜಿನ ಬಾಗಿಲು ತೆಗೆದು, ಸರಳಿನ ಸಂದಿಯಿಂದ ಒಂದು ಬಕೆಟ್ಟು ನೀರು ಎರಚಿದ.

ದೀಪ ಆರಿತು. ಬಸುರಿ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟಳು. ಮೂರು ದಿನ ಆ ಮನೆಯವರೂ ನಿದ್ದೆ ಮಾಡಲಿಲ್ಲ, ನಿಂಗಾಜಮ್ಮನೂ ಮಾಡಲಿಲ್ಲ. ನಾಲ್ಕನೇ ದಿನ ಕೂಸು ಹುಟ್ಟಿತು. ಅತ್ತಿತು. ಆಮೇಲೇ ನಿಂಗಾಜಮ್ಮ ಮಗನ ಜೊತೆ ಬಾಯಿ ಬಿಟ್ಟಿದ್ದು.

"ದೇವರ ದೀಪಕ್ಕೆ ನೀರು ಹಾಕ್ತಾರೇನೋ?"

"ಉರೀತಿತ್ತಲ್ಲವ್ವ."

"ದೀಪ ಕಂಡರೆ ಕಣ್ಣು ಮುಚ್ಚಿ, ಎರಡೂ ಕೈ ಎತ್ತಿ ಮುಗೀಬೇಕು. ತಿಳೀತಾ?"

"ತಿಳೀತು ಕಣವ್ವ."

ಮೂರನೇ ವಾರ ಮೇಲಿನ ಕಿಟಕಿ. ಈ ಸಲ ನಿಂಗಾಜಮ್ಮ ಜೊತೆಗೇ ಹೋದಳು. ಏಣಿಯ ಬುಡ ಹಿಡಿದು ನಿಂತಳು.

"ಹೆದರಬೇಡ. ಕೆಳಗೆ ನಾನಿದೀನಿ. ಬಿದ್ದರೆ ಹಿಡ್ಕೋತೀನಿ."

ಹಿಡಿಯೋಕಾಗಲ್ಲ ಅಂತ ಅವಳಿಗೆ ಗೊತ್ತಿತ್ತು. ಅವತ್ತು ಗಂಡನನ್ನೂ ಹಿಡಿಯೋಕಾಗಿರಲಿಲ್ಲ.

ಮೂರು ಕಿಟಕಿ ಚೆನ್ನಾಗಿ ಒರೆಸಿದ. ಅಷ್ಟರಲ್ಲಿ ಸಂಜೆಯಾಯಿತು. ಬಾಣಂತಿ ಕೋಣೆಗೆ ದೀಪ ತಂದರು. ಗಾಜಿನಾಚೆ ಅದು ತಿಬ್ಬನಿಗೆ ಕಂಡಿತು. ಕಣ್ಣು ಮುಚ್ಚಿದ. ಎರಡೂ ಕೈ ಬಿಟ್ಟು, ತಲೆಯ ಮೇಲಕ್ಕೆ ಎತ್ತಿ ಮುಗಿದ.

ಏಣಿ ಒಂದು ಗೇಣು ಜಾರಿತು. ನಿಂಗಾಜಮ್ಮ ಕೂಗಲಿಲ್ಲ. ಕೂಗಿದರೆ ಬೆಚ್ಚುತ್ತಾನೆ. ಏಣಿಯನ್ನು ತಬ್ಬಿಕೊಂಡು ಗೋಡೆಗೆ ಒತ್ತಿ ಹಿಡಿದಳು. ಮಗ ನಿಧಾನವಾಗಿ ನಮಸ್ಕಾರ ಮುಗಿಸಿದ. ಇಳಿದು ಬಂದ.

"ಯಾಕವ್ವ ಏಣಿ ತಬ್ಬಿಕೊಂಡಿದೀಯ?"

"ಏಣಿ ಮೇಲೆ ಇರೋವಾಗ ಕೈ ಬಿಡಬೇಡ ಕಣೋ. ದೀಪ ಕಾಣಲಿ, ದೇವರೇ ಕಾಣಲಿ. ಕೈ ಬಿಡಬೇಡ."

"ಬಿಡಲ್ಲ ಕಣವ್ವ."

ನಾಲ್ಕನೇ ವಾರ ಕೊನೇ ಕಿಟಕಿ. ಅಪ್ಪ ಬಿದ್ದ ಕಿಟಕಿ. ಅವತ್ತೂ ನಿಂಗಾಜಮ್ಮ ಏಣಿಯ ಬುಡ ಹಿಡಿದಳು. ಹತ್ತುವಾಗ ತಿಬ್ಬನಿಗೆ ತಾಯಿಯ ಮಾತು ನೆನಪಿರಲಿಲ್ಲ. ಮೇಲೆ ಹೋದ ಮೇಲೆ ನೆನಪಾಯಿತು. ಎರಡೂ ಕೈಯಲ್ಲಿ ಏಣಿ ಹಿಡಿದ. ಹಿಡಿದವನು ಬಿಡಲಿಲ್ಲ. ಒರೆಸಲೂ ಇಲ್ಲ, ಇಳಿಯಲೂ ಇಲ್ಲ. ಬಿಸಿಲು ನೆತ್ತಿಗೆ ಬಂತು. ಕಾಲು ಅದುರತೊಡಗಿತು.

"ಇಳಿಯೋ ಮಗನೇ."

"ಕೈ ಬಿಡದೆ ಹೆಂಗೆ ಇಳೀಲವ್ವ?"

ಅಮ್ಮಣ್ಣಿಯಮ್ಮನ ಅಳಿಯ ಹತ್ತಿ ಹೋಗಿ ಕೈ ಬಿಡಿಸೋಕೆ ನೋಡಿದ. ತಿಬ್ಬ ಇನ್ನೂ ಬಿಗಿ ಹಿಡಿದ. "ಅವ್ವ ಹೇಳಲಿ" ಅಂದ. ಅಳಿಯ ಇಳಿದು ಬಂದ.

"ನಾನೇ ಹೇಳ್ತಿದೀನಿ, ಬಿಡಪ್ಪ" ಅಂದಳು ನಿಂಗಾಜಮ್ಮ.

"ಎರಡೂ ಬಿಟ್ಟುಬಿಡ್ಲಾ?"

"ಬೇಡ. ಬೇಡ ಕಣೋ. ಹಿಡ್ಕೋ."

ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅಳಿಯ ಬೇಡ ಬೇಡ ಅಂದರೂ ಕೇಳದೆ ಏಣಿ ಹತ್ತಿದಳು. ಮೂರು ಮೆಟ್ಟಿಲು ಹತ್ತೋಳು, ನಿಲ್ಲೋಳು. ಮಗನ ಕಾಲು ಸಿಕ್ಕಿತು. ಹಿಡಿದು ಕೆಳಗಿನ ಮೆಟ್ಟಿಲ ಮೇಲೆ ಇಟ್ಟಳು.

"ಒಂದು ಕೈ ಗಟ್ಟಿ ಹಿಡಿ. ಆಮೇಲೆ ಇನ್ನೊಂದು ಬಿಡು. ಕೆಳಗೆ ನಾನಿದೀನಿ."

ಹೀಗೇ ಇಬ್ಬರೂ ಇಳಿದರು. ತಿಬ್ಬ ನೆಲಕ್ಕೆ ಬಂದು ನಕ್ಕ. ನಿಂಗಾಜಮ್ಮ ಆ ಕಲ್ಲುಚಪ್ಪಡಿ ಮೇಲೆ ಕೂತಳು. ಬಹಳ ಹೊತ್ತು ಕೂತಿದ್ದಳು.

ಮಾರನೇ ಬೆಳಿಗ್ಗೆ ಅವಳು ಏಳಲಿಲ್ಲ.

ಊರವರು ಎರಡು ಬಿದಿರು ತಂದರು. ಅಡ್ಡಡ್ಡ ಕಡ್ಡಿ ಕಟ್ಟಿ ಚಟ್ಟ ಮಾಡಿದರು. ಮಗ ತಾನೇ ಬೆಂಕಿ ಹಿಡಿದು ಮುಂದೆ ನಡೆಯಬೇಕು? ತಿಬ್ಬನ ಕೈಗೆ ಬೆಂಕಿ ಮಡಕೆ ಕೊಟ್ಟರು. ನೋಡಿದ. ಉರಿಯುತ್ತಿತ್ತು. ಒಂದು ಚೊಂಬು ನೀರು ಹುಯ್ದ.

ಹಿರಿಯರೊಬ್ಬರು ಗದರಿದರು. ಅಮ್ಮಣ್ಣಿಯಮ್ಮ ತಡೆದಳು. "ಬೈಬೇಡಿ. ಬೈಯೋಳು ಹೋದಳು. ಲೋ ತಿಬ್ಬ, ಇನ್ನು ಮೇಲೆ ನಮ್ಮ ಮನೇಲೇ ಉಣ್ಣೋ. ಕೆಳಗಿನ ಕಿಟಕಿ ಒರೆಸಿಕೊಂಡಿರು. ಮೇಲಿನವು ಹೆಂಗಾದರೂ ಇರಲಿ."

"ಅವ್ವನ್ನ ಕೇಳಿ ಹೇಳ್ತೀನಿ" ಅಂದ ತಿಬ್ಬ.

ಚಟ್ಟದ ಮೇಲೆ ತಾಯಿ ಮಲಗಿದ್ದಳು. ಎರಡೂ ಕೈ ಎದೆ ಮೇಲೆ ಜೋಡಿಸಿ ಕಟ್ಟಿದ್ದರು. ತಿಬ್ಬ ಹತ್ತಿರ ಹೋದ. ಬಿದಿರು ಮುಟ್ಟಿ ನೋಡಿದ. ಅಡ್ಡಕಡ್ಡಿ ಮುಟ್ಟಿ ನೋಡಿದ.

"ಏಣಿ ಮೇಲೆ ಹತ್ತಿಸಿ ಕೈ ಕಟ್ಟಿದೀರಲ್ಲ, ಹೆಂಗೆ ಹಿಡ್ಕೋತಾಳೆ?"

ಗಂಟು ಬಿಚ್ಚಿದ. ಒಂದು ಕೈ ಈ ಬಿದಿರಿಗೆ ಹಿಡಿಸಿದ. ಆಮೇಲೆ ಇನ್ನೊಂದು ಕೈ ಆ ಬಿದಿರಿಗೆ. ಯಾರೂ ಬಿಡಿಸಲಿಲ್ಲ.

ನಾಲ್ವರು ಹೆಗಲು ಕೊಟ್ಟರು. ಮಡಕೆಗೆ ಬೇರೆ ಬೆಂಕಿ ಹಾಕಿ ಹುಡುಕಿದರೆ ಮಗನೇ ಇಲ್ಲ. ಚಟ್ಟದ ಅಡಿ ನುಗ್ಗಿದ್ದ. ನಡು ಬಗ್ಗಿಸಿ, ಎರಡೂ ಕೈ ಮೇಲೆ ಚಾಚಿಕೊಂಡು ನಿಂತಿದ್ದ.

"ಮುಂದೆ ಬಾರಯ್ಯ. ಮಗ ಮುಂದೆ ನಡೀಬೇಕು."

"ನಾನು ಮುಂದೆ ಹೋದರೆ, ಅವ್ವ ಬಿದ್ದರೆ ಹಿಡ್ಕೊಳ್ಳೋರು ಯಾರು?"

ಬೆಂಕಿ ಮಡಕೆ ಹಿಡಿದು ಅಮ್ಮಣ್ಣಿಯಮ್ಮನ ಅಳಿಯನೇ ಮುಂದೆ ನಡೆದ. ಹೊತ್ತವರು ಹೆಜ್ಜೆ ಸಣ್ಣದು ಮಾಡಿದರು. ತಿಬ್ಬ ಸುಡುಗಾಡಿನವರೆಗೂ ಹಾಗೇ ಬಗ್ಗಿಕೊಂಡು ನಡೆದ.

"ಹೆದರಬೇಡ ಕಣವ್ವ" ಅನ್ನುತ್ತಿದ್ದ. "ಕೆಳಗೆ ನಾನಿದೀನಿ."